ತಗಡಿನ ಶೆಡ್ ಮುಟ್ಟಿದರೆ ಜುಮ್ ಎನ್ನುತ್ತದೆ, ರಾಡ್ ಹೊಡೆಸಿದ ಮೇಲೂ ನಿಂತಿಲ್ಲ

ತೋಟದಮನೆ ಸಾಗರ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕು. ಮನೆಯಿಂದ ಸುಮಾರು 60 ಮೀಟರ್ ದೂರದಲ್ಲಿ ಒಂದು ತಗಡಿನ ಶೆಡ್ ಇದೆ. ಜಿಐ ಪೈಪಿನ ಕಂಬ, ಮೇಲೆ ಮತ್ತು ಮೂರು ಕಡೆ ತಗಡು. ಅರ್ಧ ಭಾಗದಲ್ಲಿ ಅಡಿಕೆ ಸುಲಿಯುವ ಮಷಿನ್ ಇಟ್ಟಿದ್ದೇವೆ. ಇನ್ನರ್ಧದಲ್ಲಿ ಮೂರು ದನ ಮತ್ತು ಹುಲ್ಲು ಕತ್ತರಿಸುವ ಮಷಿನ್. ಮನೆಯ ಮೀಟರ್ ಬೋರ್ಡಿನಿಂದಲೇ ಕರೆಂಟ್ ಎಳೆದಿದ್ದು, ಫೇಸ್ (ಕರೆಂಟ್ ತರುವುದು) ಮತ್ತು ನ್ಯೂಟ್ರಲ್ (ವಾಪಸ್ ಒಯ್ಯುವುದು) ಎರಡೇ ವೈರ್. ಶೆಡ್ಡಿನಲ್ಲಿ ಒಂದು 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇದೆ.

ಮಳೆ ಶುರುವಾದ ಮೇಲೆ ಕಂಬ ಮುಟ್ಟಿದರೆ ಜುಮ್ ಎನ್ನುತ್ತದೆ. ಮೊದಲು ಗೊತ್ತಾಗಿದ್ದು ಅಮ್ಮನಿಗೆ. ಬರಿಗಾಲಿನಲ್ಲಿ ಹಾಲು ಕರೆಯಲು ಹೋಗಿದ್ದರು. ಈಗ ಗಬ್ಬದ ಹಸು ಒಳಗೆ ಬರುವುದಕ್ಕೇ ಒಪ್ಪುವುದಿಲ್ಲ, ಬಾಗಿಲಲ್ಲೇ ಕಾಲು ಊರಿ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಕಂಬದಲ್ಲಿ ಉರಿಯುತ್ತದೆ. ವೈರಿಂಗ್ ಮಾಡುವವರನ್ನು ಕರೆಸಿದೆ. ಅವರು ಅರ್ತಿಂಗಿಗೆಂದು ಮೂರಡಿ ರಾಡ್ ಒಂದನ್ನು ಕಂಬದ ಪಕ್ಕ ನೆಲಕ್ಕೆ ಹೊಡೆದು, ತಂತಿ ಸುತ್ತಿ, ಇನ್ನು ಏನೂ ಆಗುವುದಿಲ್ಲ ಎಂದು ಹೋದರು. ಜುಮ್ ಸ್ವಲ್ಪ ಕಡಿಮೆ ಆಯಿತು, ಹೋಗಲಿಲ್ಲ. ಇನ್ನೂ ಆಳದ ರಾಡ್ ಹೊಡೆಸಿದರೆ ಸಾಕಾ? ಬೇರೆ ಏನಾದರೂ ಮಾಡಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಲಿನಮನೆ ಮಂಡ್ಯ:
ಅಣ್ಣ, ಮೊದಲು ಆ ಶೆಡ್ಡಿನ ಕರೆಂಟನ್ನು ಮನೆಯ ಕಡೆಯಿಂದಲೇ ಪೂರ್ತಿ ಕಟ್ ಮಾಡಿ. ಬಾಕಿ ಮಾತು ಆಮೇಲೆ. ದನ ಹೊರಗೆ ಕಟ್ಟಿ. ಟಾರ್ಚಿನ ಬೆಳಕಿನಲ್ಲಿ ಹಾಲು ಕರೆದರೂ ಪರವಾಗಿಲ್ಲ.

ಕೊಪ್ಪದ ಹುಡುಗ:
ನಮ್ಮ ಕಡೆ ಇದಕ್ಕೆಲ್ಲ ಸುಲಭದ ದಾರಿ ಇದೆ. ಕಂಬದಿಂದ ಒಂದು ವೈರ್ ತೆಗೆದು ನ್ಯೂಟ್ರಲ್‌ಗೆ ಸೇರಿಸಿಬಿಡಿ. ಲೀಕ್ ಆದ ಕರೆಂಟ್ ನ್ಯೂಟ್ರಲ್‌ನಲ್ಲಿ ಹೋಗುತ್ತದೆ, ಫ್ಯೂಸ್ ಹಾರುತ್ತದೆ. ನಮ್ಮ ಪಂಪ್ ಮನೆಯಲ್ಲಿ 6 ವರ್ಷದಿಂದ ಹಾಗೇ ಇದೆ, ಏನೂ ಆಗಿಲ್ಲ.

ಹಳೇ ವೈರ್‌ಮನ್ ಶಿವಮೊಗ್ಗ:
ಕೊಪ್ಪದವರೇ, ದಯವಿಟ್ಟು ಇವತ್ತೇ ನಿಮ್ಮ ಪಂಪ್ ಮನೆಯಲ್ಲಿ ಅದನ್ನು ಬಿಚ್ಚಿಸಿ. ಸಿಟ್ಟಿನಿಂದ ಹೇಳುತ್ತಿಲ್ಲ, ಭಯದಿಂದ ಹೇಳುತ್ತಿದ್ದೇನೆ.

ನ್ಯೂಟ್ರಲ್ ಸರಿಯಾಗಿರುವವರೆಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಒಂದೇ ತುಂಡಾಯಿತು ಎಂದುಕೊಳ್ಳಿ. ಅಥವಾ ಮೀಟರ್ ಬಳಿಯ ಫ್ಯೂಸ್ ಕಟೌಟಿನಲ್ಲಿ ನ್ಯೂಟ್ರಲ್ ಸಡಿಲ ಆಯಿತು. ಆಗ ಫೇಸ್ ನಿಮ್ಮ ಬಲ್ಬಿನ ಮೂಲಕ ಹಾದು ನ್ಯೂಟ್ರಲ್‌ಗೆ ಬರುತ್ತದೆ, ಅಲ್ಲಿಂದ ಮುಂದೆ ದಾರಿ ಇಲ್ಲ. ನೀವು ನ್ಯೂಟ್ರಲ್ ಅನ್ನು ಕಂಬಕ್ಕೆ ಕಟ್ಟಿದ್ದೀರಿ. ಹಾಗಾಗಿ ಇಡೀ ಶೆಡ್ಡಿನ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಮಷಿನಿನಲ್ಲಿ ಯಾವ ದೋಷವೂ ಬೇಕಿಲ್ಲ. ಬಲ್ಬಿನ ಸ್ವಿಚ್ ಆನ್ ಇದ್ದರೆ ಸಾಕು. ಎಂಸಿಬಿಯೂ ಬೀಳುವುದಿಲ್ಲ, ಫ್ಯೂಸೂ ಹಾರುವುದಿಲ್ಲ. ಬಲ್ಬ್ ಯಾಕೆ ಹತ್ತುತ್ತಿಲ್ಲ ಎಂದು ನೋಡಲು ಬಂದವರು ಬಾಗಿಲು ಮುಟ್ಟುತ್ತಾರೆ. ನನ್ನ ಕೆಲಸದ ಕಾಲದಲ್ಲಿ ಇಂಥ ಒಂದು ಮನೆಗೆ ಹೋಗಬೇಕಾಯಿತು. ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಸಾಕೆಟ್ಟಿನ ಒಳಗೆ ಮೇಲಿನ ದಪ್ಪ ಅರ್ತ್ ಪಿನ್ನಿನಿಂದ ನ್ಯೂಟ್ರಲ್‌ಗೆ ತುಂಡು ವೈರ್ ಕೊಡುವುದೂ ಇದೇ ತಪ್ಪು.

ಕೊಪ್ಪದ ಹುಡುಗ:
ಇದು ನಿಜವಾಗಿ ಗೊತ್ತಿರಲಿಲ್ಲ ಸರ್. ಬಿಚ್ಚಿಸುತ್ತೇನೆ. ಆದರೆ ರಾಡ್ ಇದ್ದರೂ ಜುಮ್ ಎನ್ನುತ್ತದೆ ಅಂತಾರಲ್ಲ, ಹಾಗಾದರೆ ಅರ್ತಿಂಗ್ ಮಾಡಿ ಪ್ರಯೋಜನ ಏನು?

ಓಮ್ ಲೆಕ್ಕ:
ಇದೇ ಎಲ್ಲರೂ ತಪ್ಪು ತಿಳಿಯುವ ಜಾಗ. ಸ್ವಲ್ಪ ಲೆಕ್ಕ ಹಾಕಿ ತೋರಿಸುತ್ತೇನೆ.

ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಮೂರಡಿ ರಾಡ್ ಹೊಡೆದರೆ ಅದಕ್ಕೂ ಭೂಮಿಗೂ ನಡುವೆ 100 ಓಮ್ ತಡೆ ಇದ್ದರೆ ಆಶ್ಚರ್ಯ ಇಲ್ಲ. ಮಷಿನಿನ ಫೇಸ್ ವೈರ್ ಪೂರ್ತಿಯಾಗಿ ಶೆಡ್ಡಿನ ಲೋಹದ ಮೈಗೆ ತಾಗಿತು ಎಂದುಕೊಳ್ಳೋಣ. 230 ಭಾಗಿಸು 100, ಅಂದರೆ 2.3 ಆಂಪಿಯರ್ ನೆಲಕ್ಕೆ ಹೋಗುತ್ತದೆ. ನಿಮ್ಮ ಎಂಸಿಬಿ 16 ಆಂಪಿಯರಿನದು. 2.3 ಆಂಪಿಯರ್ ಅದಕ್ಕೆ ಒಂದು ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಸುಮ್ನೆ ಕೂತಿರುತ್ತದೆ. ಟ್ರಾನ್ಸ್‌ಫಾರ್ಮರಿನ ಕಡೆಯ ಅರ್ತಿಂಗ್ 5 ಓಮ್ ಅಂತ ಹಿಡಿದರೆ, 230ರಲ್ಲಿ ಸುಮಾರು 219 ವೋಲ್ಟ್ ನಿಮ್ಮ ಕಂಬದ ಮೇಲೆಯೇ ಉಳಿಯುತ್ತದೆ. ರಾಡ್ ಇದೆ, ತಂತಿ ಇದೆ, ಆದರೂ 219 ವೋಲ್ಟ್!

ಒಳ್ಳೆಯ ಗುಂಡಿ ತೋಡಿ 5 ಓಮ್ ತಂದಿರಿ ಎನ್ನೋಣ. ಆಗಲೂ 46 ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ. ಸಿ ಟೈಪ್ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. 46ಕ್ಕೆ ಅದು ಬಿಸಿಯಾಗಿ ಬೀಳುತ್ತದೆ, ಅದಕ್ಕೆ ಎಷ್ಟೋ ಸೆಕೆಂಡು ಬೇಕು.

ಸಾಗರದವರಿಗೆ ಈಗ ಬರೀ ಜುಮ್ ಎನ್ನುತ್ತಿರುವುದು ಸೋರಿಕೆ ಸಣ್ಣದಿರುವುದಕ್ಕೆ. ಎಲ್ಲೋ ವೈರಿನ ಸಿಪ್ಪೆ ಒದ್ದೆಯಾಗಿ ಸ್ವಲ್ಪ ಸ್ವಲ್ಪ ಬರುತ್ತಿದೆ. ಆ ಸಿಪ್ಪೆ ಪೂರ್ತಿ ಹರಿದ ದಿನ ಮೇಲಿನ ಲೆಕ್ಕ ಬರುತ್ತದೆ.

ತೋಟದಮನೆ ಸಾಗರ:
ಕೈ ನಡುಗುತ್ತಿದೆ ಇದನ್ನು ಓದಿ. ಕರೆಂಟ್ ಕಟ್ ಮಾಡಿದ್ದೇನೆ, ದನ ಹೊರಗೆ ಕಟ್ಟಿದ್ದೇನೆ. ಹಾಗಾದರೆ ಏನು ಹಾಕಿಸಬೇಕು?

ಓಮ್ ಲೆಕ್ಕ:
30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಡೇರಿಯಲ್ಲಿ ಹಾಲಿನ ಲೆಕ್ಕ ಇಟ್ಟ ಹಾಗೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ ಅದು ಬೇರೆಲ್ಲೋ ಸೋರಿದೆ ಎಂದು ಅರ್ಥ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಟ್ ಮಾಡುತ್ತದೆ. ಇದಕ್ಕೆ 46 ಆಂಪಿಯರ್ ಬೇಡ. ರಾಡ್ 100 ಓಮ್ ಇದ್ದರೂ ಬೀಳುತ್ತದೆ.

ಆದರೆ ಇದು ಎಂಸಿಬಿಯ ಬದಲಿಗಲ್ಲ. ಬರೀ ಆರ್‌ಸಿಸಿಬಿಗೆ ಓವರ್‌ಲೋಡ್ ಗೊತ್ತಾಗುವುದಿಲ್ಲ. ಎರಡೂ ಬೇಕು, ಇಲ್ಲವೇ ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ತನ್ನಿ. ಅಂಗಡಿಯಲ್ಲಿ 100 ಮತ್ತು 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು, ಮನುಷ್ಯರನ್ನು ಉಳಿಸಲು ಅಲ್ಲ. ಡಬ್ಬಿಯ ಮೇಲೆ 30 ಅಂತ ಓದಿಯೇ ದುಡ್ಡು ಕೊಡಿ.

ಬಿಡುವಿಲ್ಲದವ:
ಟೆಸ್ಟರ್ ಉರಿದ ಮಾತ್ರಕ್ಕೆ ಲೀಕ್ ಅಂತ ಹೇಳಲು ಆಗುವುದಿಲ್ಲ. ಎಲ್‌ಇಡಿ ಬಲ್ಬ್ ಇದ್ದರೂ, ಪಕ್ಕದಲ್ಲಿ ವೈರ್ ಓಡಿದ್ದರೂ ನಿಯಾನ್ ಟೆಸ್ಟರ್ ಸಣ್ಣಗೆ ಉರಿಯುತ್ತದೆ. ಸುಮ್ನೆ ಹೆದರಿಸಬೇಡಿ.

ಹಳೇ ವೈರ್‌ಮನ್ ಶಿವಮೊಗ್ಗ:
ಟೆಸ್ಟರ್ ಬಗ್ಗೆ ನೀವು ಹೇಳಿದ್ದು ಸರಿ. ಅದೊಂದನ್ನೇ ನಂಬಬಾರದು. ಆದರೆ ಬರಿಗಾಲಿನ ಹೆಂಗಸಿಗೆ ಜುಮ್ ಎಂದಿದೆ, ಹಸು ಒಳಗೆ ಬರುತ್ತಿಲ್ಲ, ಅದೂ ಮಳೆ ಬಂದ ಮೇಲೆ. ಇಷ್ಟಾದ ಮೇಲೆ ಬರೀ ಇಂಡಕ್ಷನ್ (ಪಕ್ಕದ ವೈರಿನ ಪ್ರಭಾವ) ಅಂತ ಬಿಡಲು ಆಗುವುದಿಲ್ಲ. ಲೀಕ್ ಇದೆ ಎಂದೇ ಹಿಡಿದು ಹುಡುಕಬೇಕು. ಇಲ್ಲದಿದ್ದರೆ ಅರ್ಧ ದಿನ ಹೋಗುತ್ತದೆ, ಅಷ್ಟೇ ಅಲ್ವಾ?

ಹಾಲಿನಮನೆ ಮಂಡ್ಯ:
ದನಗಳ ವಿಷಯ ನಾನು ಹೇಳುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಐದು ವರ್ಷದ ಹಿಂದೆ ಒಂದು ಎಮ್ಮೆ ಕಳೆದುಕೊಂಡೆವು. ಹಾಲು ಕರೆಯುವ ಮಷಿನಿನ ಮೋಟಾರ್ ವೈರು ಕಬ್ಬಿಣದ ಗೂಟಕ್ಕೆ ತಾಗಿತ್ತು. ಅದಕ್ಕೂ ಎರಡು ವಾರ ಮೊದಲಿನಿಂದ ಎಮ್ಮೆ ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂದೆ ಸರಿಯುತ್ತಿತ್ತು. ಹಾಲು ಇಳಿಸುತ್ತಿರಲಿಲ್ಲ, ಕಾಲು ಎತ್ತಿ ಎತ್ತಿ ಇಡುತ್ತಿತ್ತು. ನಾವು ಕೆಚ್ಚಲು ಬಾವು ಅಂತ ಔಷಧಿ ಮಾಡಿಸಿದೆವು. ಅದು ಬಾಯಿಲ್ಲದ ಜೀವ, ತನಗೆ ಗೊತ್ತಿದ್ದ ರೀತಿಯಲ್ಲೆಲ್ಲ ಹೇಳಿತ್ತು. ನಮಗೆ ಅರ್ಥ ಆಗಲಿಲ್ಲ.

ಆಮೇಲೆ ಡಾಕ್ಟರ್ ವಿವರಿಸಿದರು. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಗೊರಸು ಸದಾ ಗಂಜಲದಲ್ಲಿ ಒದ್ದೆ. ನೆಲದಲ್ಲಿ ಕರೆಂಟ್ ಹರಡಿದರೆ ಮುಂಗಾಲಿನಿಂದ ಹಿಂಗಾಲಿಗೆ ಹೃದಯದ ದಾರಿಯಲ್ಲೇ ಹೋಗುತ್ತದೆ. ನಾವು ಚಪ್ಪಲಿ ಹಾಕಿರುತ್ತೇವೆ, ನಮಗೆ ಏನೂ ಗೊತ್ತಾಗುವುದಿಲ್ಲ. ಸಾಗರದವರ ಹಸು ಬಾಗಿಲಲ್ಲಿ ನಿಂತಿದ್ದು ಓದಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಎರಿಹೊಲ ಧಾರವಾಡ:
ಅಕ್ಕಾ, ಬಹಳ ಕೆಟ್ಟ ಅನಿಸಿತು ಓದಿ.

ನಮ್ಮ ಕಡೆ ಕಪ್ಪು ಎರಿ ಮಣ್ಣು. ಮಳೆಗಾಲದಲ್ಲಿ ಅರ್ತಿಂಗ್ ಭಾರಿ ಚೆನ್ನಾಗಿ ಹಿಡಿಯುತ್ತದೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ರಾಡಿನ ಸುತ್ತ ಸಂದಾಗುತ್ತದೆ, ಆಗ ಏನೂ ಇಲ್ಲ. ಅದಕ್ಕೆ ಇದ್ದಿಲು, ಉಪ್ಪು ಹಾಕಿ ಮೇಲೆ ಪೈಪ್ ಬಿಟ್ಟು ನೀರು ಹಾಕಬೇಕು. ಬಚ್ಚಲ ನೀರನ್ನೇ ಆ ಕಡೆ ತಿರುಗಿಸಿದರೆ ಇನ್ನೂ ಒಳ್ಳೆಯದು.

ಬಿಡುವಿಲ್ಲದವ:
ಉಪ್ಪು ಹಾಕಿದರೆ ಪೈಪ್ ತುಕ್ಕು ಹಿಡಿದು ಕೆಲವೇ ವರ್ಷದಲ್ಲಿ ಮಾಯ ಆಗುತ್ತದೆ. ಮಳೆಗೆ ಉಪ್ಪು ತೊಳೆದೂ ಹೋಗುತ್ತದೆ. ಬೆಂಟೊನೈಟ್ ಮಣ್ಣು ಹಾಕಿ.

ಎರಿಹೊಲ ಧಾರವಾಡ:
ನಮ್ಮ ತಂದೆಯವರ ಕಾಲದ ಪೈಪ್ ಇನ್ನೂ ಇದೆ. ಎರಡು ವರ್ಷಕ್ಕೊಮ್ಮೆ ಗುಂಡಿ ಬಿಡಿಸಿ ನೋಡುತ್ತೇವೆ. ನೋಡದೆ ಬಿಟ್ಟರೆ ಯಾವುದಾದರೂ ಹಾಳಾಗುತ್ತದೆ.

ಹಳೇ ವೈರ್‌ಮನ್ ಶಿವಮೊಗ್ಗ:
ಇಬ್ಬರದೂ ಸರಿ. ಎರಿಯಲ್ಲಿ ನೀರು ನಿಲ್ಲುತ್ತದೆ, ಮಲೆನಾಡಿನಲ್ಲಿ ಬಸಿದು ಹೋಗುತ್ತದೆ. ಹಾಗಾಗಿ ಸಾಗರದವರಿಗೆ ಆಳವೇ ಮುಖ್ಯ.

ಅರ್ತಿಂಗಿನ ಭಾರತೀಯ ಮಾನದಂಡ ಐಎಸ್ 3043ರ ಪ್ರಕಾರ ಪೈಪ್ ಅರ್ತಿಂಗ್ ಅಂದರೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು. ಮೂರಡಿ ರಾಡ್ ಅಲ್ಲ. ಗೋಡೆಯಿಂದ ಒಂದೂವರೆ ಮೀಟರ್ ಆಚೆ ಇರಬೇಕು. ಒಂದರಲ್ಲಿ ಸರಿಯಾಗದಿದ್ದರೆ ಇನ್ನೊಂದು ಪೈಪನ್ನು ಅದರ ಉದ್ದದಷ್ಟಾದರೂ ದೂರದಲ್ಲಿ ಹಾಕಿ ಎರಡನ್ನೂ ಜೋಡಿಸಿ. ಹತ್ತಿರ ಹತ್ತಿರ ಹೊಡೆದರೆ ಅಷ್ಟು ಪ್ರಯೋಜನ ಇಲ್ಲ. ತಂತಿ ಸುತ್ತಬೇಡಿ, ಬೋಲ್ಟ್ ಹಾಕಿ ಕಟ್ಟಬೇಕು. ತಾಮ್ರದ ವೈರನ್ನು ಜಿಐ ಪೈಪಿಗೆ ನೇರ ಕಟ್ಟಿದರೆ ಆ ಜಾಗದಲ್ಲೇ ತಿನ್ನುತ್ತದೆ. ಜಿಐ ಪಟ್ಟಿಯನ್ನೇ ಬಳಸಿ.

ಚಿಂತಾಮಣಿ ರೇಷ್ಮೆ:
ನಮ್ಮ ಹುಳು ಸಾಕುವ ಮನೆ ತಗಡಿನದು. ಬಲ್ಬ್ ಹಾಕಿ ಅರ್ತಿಂಗ್ ನೋಡುವುದು ಸುಲಭ ಅಲ್ವಾ? ಫೇಸ್‌ಗೂ ಅರ್ತಿಗೂ 100 ವ್ಯಾಟ್ ಬಲ್ಬ್ ಕೊಟ್ಟರೆ ಜೋರಾಗಿ ಉರಿಯಿತು. ಅರ್ತಿಂಗ್ ಚೆನ್ನಾಗಿದೆ ಅಂತ ನಮ್ಮ ವೈರಿಂಗಿನವರು ಹೇಳಿದರು.

ಓಮ್ ಲೆಕ್ಕ:
ಆ ಬಲ್ಬ್ ಮೋಸ ಮಾಡುತ್ತದೆ. 100 ವ್ಯಾಟ್ ಬಲ್ಬ್ ಉರಿಯುವಾಗ ಅದರದೇ ತಡೆ 500 ಓಮ್ ಮೇಲೆ ಇರುತ್ತದೆ. ನಿಮ್ಮ ಅರ್ತಿಂಗ್ 50 ಓಮ್ ಇದ್ದರೂ ಅದರಲ್ಲಿ ಹೋಗುವುದು 20 ವೋಲ್ಟ್ ಆಸುಪಾಸು. ಬಲ್ಬಿಗೆ 210 ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಬಲ್ಬ್ ಉರಿಯದಿದ್ದರೆ ಅರ್ತಿಂಗ್ ಸತ್ತಿದೆ ಅಂತ ಹೇಳಬಹುದು. ಉರಿದರೆ ಚೆನ್ನಾಗಿದೆ ಅಂತ ಹೇಳಲು ಆಗುವುದಿಲ್ಲ. ನೋಡುವಾಗ ಆ ಕಂಬವನ್ನು ಯಾರಾದರೂ ಮುಟ್ಟಿದರೆ ಅದೂ ಅಪಾಯ. ಅರ್ತ್ ಟೆಸ್ಟರ್ ಇರುವ ಲೈಸೆನ್ಸ್ ಪಡೆದ ಗುತ್ತಿಗೆದಾರರನ್ನು ಕರೆಸಿ ಅಳೆಸಿ.

ಚಿಂತಾಮಣಿ ರೇಷ್ಮೆ:
ಅಯ್ಯೋ, ನಾನು ನಂಬಿ ಕೂತಿದ್ದೆ. ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಆರ್‌ಸಿಸಿಬಿ ಹಾಕಿದರೆ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ಹುಳು ನಾಲ್ಕನೇ ಜ್ವರಕ್ಕೆ (ಪೊರೆ ಬಿಡುವ ಹಂತಕ್ಕೆ) ಕೂತಾಗ ಫ್ಯಾನ್ ನಿಂತರೆ ನಷ್ಟ. ಅದಕ್ಕೆ ತೆಗೆಸಿ ನೇರ ಕೊಡಿಸಿದ್ದೇವೆ.

ಹಳೇ ವೈರ್‌ಮನ್ ಶಿವಮೊಗ್ಗ:
ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಅದು ಬೀಳುತ್ತಿದ್ದದ್ದು ಕಾರಣ ಇದ್ದೇ. ಎರಡು ಕಡೆ ನೋಡಿಸಿ. ಒಂದು, ಆರ್‌ಸಿಸಿಬಿ ದಾಟಿದ ಮೇಲೆ ನ್ಯೂಟ್ರಲ್ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಸೇರಿದೆಯಾ? ಅಥವಾ ಎಲ್ಲಾದರೂ ಅರ್ತಿಗೆ ತಾಗಿದೆಯಾ? ನಾನು ನೋಡಿದ್ದರಲ್ಲಿ ಹೆಚ್ಚಿನವು ಇದೇ. ಇನ್ನೊಂದು, ತೇವ ಮಾಡುವ ಮಷಿನ್. ಅದನ್ನು ತೆಗೆದು ನೋಡಿ, ಬೀಳುವುದು ನಿಂತರೆ ದೋಷ ಅಲ್ಲೇ.

ಫ್ಯಾನಿಗೆ ಒಂದು, ಸಾಕೆಟ್ಟಿಗೆ ಒಂದು, ಹೀಗೆ ಬೇರೆ ಬೇರೆ ಆರ್‌ಸಿಬಿಒ ಹಾಕಿಸಿ. ಒಂದು ಬಿದ್ದರೆ ಇನ್ನೊಂದು ನಡೆಯುತ್ತಿರುತ್ತದೆ. ನೇರ ಕೊಟ್ಟಿದ್ದನ್ನು ಮಾತ್ರ ಹಾಗೇ ಬಿಡಬೇಡಿ. ಒದ್ದೆ ಸೊಪ್ಪು ಹಿಡಿದು ಕೆಲಸ ಮಾಡುವ ಕೈಗಳು ಅಲ್ಲಿ.

ಲೀಡ್ಸ್ ಕನ್ನಡತಿ:
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿನ ನಮ್ಮ ಹಿತ್ತಲಲ್ಲೂ ಒಂದು ಲೋಹದ ಶೆಡ್ ಇದೆ, ಯಜಮಾನರು ಮರಗೆಲಸ ಮಾಡುತ್ತಾರೆ. ಇಲ್ಲಿ ಎಷ್ಟೋ ಮನೆಗಳಿಗೆ ಕಂಪನಿಯ ನ್ಯೂಟ್ರಲ್ಲೇ ಅರ್ತ್ ಆಗಿಯೂ ಒಳಗೆ ಬರುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಆ ಅರ್ತನ್ನು ಶೆಡ್ಡಿಗೆ ಕೊಡಲಿಲ್ಲ. ಬೀದಿಯಲ್ಲಿ ನ್ಯೂಟ್ರಲ್ ತುಂಡಾದರೆ ಶೆಡ್ಡಿನ ಮೈಗೆ ಕರೆಂಟ್ ಬರುತ್ತದೆ, ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲು ಮುಟ್ಟಿದರೆ ಕಷ್ಟ ಎಂದರು. ಶೆಡ್ಡಿಗೇ ಬೇರೆ ರಾಡ್, ಅಲ್ಲೇ 30 ಮಿಲಿ ಆಂಪಿಯರಿನದು ಹಾಕಿದರು. ವೈರ್‌ಮನ್ ಸರ್ ಕೊಪ್ಪದವರಿಗೆ ಹೇಳಿದ ಮಾತೇ ಅಲ್ವಾ ಇದು?

ಮತ್ತೆ ಒಂದು ಎಚ್ಚರಿಕೆ. ಇಲ್ಲಿ ನೀಲಿ ವೈರ್ ಅಂದರೆ ನ್ಯೂಟ್ರಲ್, ಕಂದು ಅಂದರೆ ಫೇಸ್. ಊರಿನ ತ್ರೀ ಫೇಸ್ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಹೊರಗಿನಿಂದ ತಂದ ಮಷಿನಿಗೆ ಪ್ಲಗ್ ಬದಲಿಸುವಾಗ ನಮ್ಮ ತಮ್ಮ ಇದರಲ್ಲೇ ಎಡವಿದ್ದ.

ಕೊಪ್ಪದ ಹುಡುಗ:
ಹೌದು ಅಕ್ಕ, ಅದೇ ಮಾತು. ನಮ್ಮ ಪಂಪ್ ಮನೆಯದು ನಿನ್ನೆ ಬಿಚ್ಚಿಸಿದೆ.

ಬಿಡುವಿಲ್ಲದವ:
ತ್ರೀ ಫೇಸ್ ಪಂಪ್ ಇದ್ದರೆ ಮೂರು ಫೇಸ್, ಒಂದು ನ್ಯೂಟ್ರಲ್ ಸೇರಿ ನಾಲ್ಕು ಪೋಲಿನ ಆರ್‌ಸಿಸಿಬಿ ಕೇಳಿ. ಎರಡು ಪೋಲಿನದು ಆಗುವುದಿಲ್ಲ.

ಹೊಸನಗರ ಗದ್ದೆ:
ಶೆಡ್ಡಿಗೆ ಅರ್ತಿಂಗ್ ಮಾಡಿದರೆ ಸಿಡಿಲಿಗೂ ಆಯಿತಾ? ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಸಿಡಿಲಿನದೇ ಭಯ. ಮತ್ತೆ ಈ ಸಲ ಅಡಿಕೆಗೆ ಕೊಳೆ ಔಷಧಿ ಎಷ್ಟು ಸಲ ಹೊಡೆದಿರಿ ಸಾಗರದವರೇ?

ಓಮ್ ಲೆಕ್ಕ:
ಇಲ್ಲ, ಸಿಡಿಲಿನದು ಬೇರೆ ಕೆಲಸ, ಬೇರೆ ಲೆಕ್ಕ. ಆರ್‌ಸಿಸಿಬಿಗೂ ಸಿಡಿಲಿಗೂ ಸಂಬಂಧ ಇಲ್ಲ. ಗುಡುಗು ಕೇಳಿದರೆ ಮಷಿನಿನ ಪ್ಲಗ್ ಕಿತ್ತು, ಕಂಬ ಮುಟ್ಟದೆ ಮನೆಗೆ ಬನ್ನಿ.

ಎರಿಹೊಲ ಧಾರವಾಡ:
ಹೊಲದ ಬೇಲಿಗೆ ಹಂದಿ ಬರಬಾರದೆಂದು ನೇರ ಕರೆಂಟ್ ಬಿಡುವವರೂ ಇದನ್ನು ಓದಬೇಕು. ಅದು ಕಾನೂನಿನ ಪ್ರಕಾರ ಅಪರಾಧ. ಹಂದಿಗಿಂತ ಮೊದಲು ಪಕ್ಕದ ಹೊಲದವರು ಕಾಲಿಡುತ್ತಾರೆ.

ಹಳೇ ವೈರ್‌ಮನ್ ಶಿವಮೊಗ್ಗ:
ಸಾಗರದವರು ಲೀಕ್ ಎಲ್ಲಿ ಹುಡುಕಬೇಕು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ತಗಡಿನ ಶೆಡ್ಡಿನಲ್ಲಿ ನಾನು ಮೊದಲು ನೋಡುವುದು ವೈರು ತಗಡು ದಾಟುವ ತೂತು. ತಗಡಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಗಾಳಿಗೆ ತಗಡು ಅಲುಗಾಡಿದಷ್ಟೂ ವೈರನ್ನು ಕುಯ್ಯುತ್ತದೆ. ಅಲ್ಲಿ ರಬ್ಬರ್ ಬುಷ್ ಇಲ್ಲವೇ ಪಿವಿಸಿ ಪೈಪ್ ಬೇಕು. ಆಮೇಲೆ ತಗಡನ್ನು ಪಟ್ಟಿಗೆ ಕೂರಿಸಲು ಹೊಡೆದ ಸ್ಕ್ರೂಗಳು. ಹಿಂದಿನಿಂದ ಓಡಿದ ವೈರಿಗೆ ಸ್ಕ್ರೂ ಚುಚ್ಚಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಸೂರಿಗೆ ತಾಗಿ ಓಡಿದ ವೈರ್. ಬೇಸಿಗೆಯಲ್ಲಿ ತಗಡು ಕಾದು ಸಿಪ್ಪೆ ಒಣಗಿ ಬಿರಿಯುತ್ತದೆ. ಇಲಿ ಕಡಿದದ್ದು ಸರಿಯೇ ಸರಿ.

ಇನ್ನೊಂದು ಮುಖ್ಯ. ತಗಡನ್ನು ಅರ್ತ್ ತಂತಿ ಅಂತ ನಂಬಬೇಡಿ. ಬಣ್ಣದ ತಗಡು, ರಬ್ಬರ್ ವಾಷರ್, ನಡುವೆ ತುಕ್ಕು. ಒಂದು ಹಾಳೆಗೂ ಇನ್ನೊಂದಕ್ಕೂ ಸಂಪರ್ಕ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಂಬಗಳು, ಮಷಿನಿನ ಮೈ, ನೀರಿನ ತೊಟ್ಟಿಯ ಕಬ್ಬಿಣದ ಪೈಪ್, ದನ ಕಟ್ಟುವ ಗೂಟ, ಎಲ್ಲವನ್ನೂ ಒಂದೇ ಅರ್ತ್ ವೈರಿಗೆ ಜೋಡಿಸಿ. ಆಗ ಒಂದು ಕೈ ಕಂಬದ ಮೇಲೆ, ಇನ್ನೊಂದು ಮಷಿನಿನ ಮೇಲೆ ಇದ್ದರೂ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಇರುವುದಿಲ್ಲ.

ತೋಟದಮನೆ ಸಾಗರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ತಡ ಆಯಿತು. ಲೈಸೆನ್ಸ್ ಇರುವವರನ್ನು ಶಿವಮೊಗ್ಗದಿಂದ ಕರೆಸಿದೆ.

ವೈರ್‌ಮನ್ ಸರ್ ಹೇಳಿದ ಎರಡನೇ ಜಾಗದಲ್ಲೇ ಸಿಕ್ಕಿತು. ಹೋದ ವರ್ಷ ಗಾಳಿಗೆ ಎದ್ದ ತಗಡಿಗೆ ಹೊಸ ಸ್ಕ್ರೂ ಹೊಡೆಸಿದ್ದೆ. ಅದರಲ್ಲಿ ಒಂದು, ಹುಲ್ಲು ಕತ್ತರಿಸುವ ಮಷಿನಿಗೆ ಹೋಗುವ ಫೇಸ್ ವೈರಿನ ಸಿಪ್ಪೆ ಸೀಳಿಕೊಂಡು ಹೋಗಿತ್ತು. ತಾಮ್ರಕ್ಕೂ ಸ್ಕ್ರೂಗೂ ನಡುವೆ ಕೂದಲೆಳೆಯಷ್ಟು ಜಾಗ. ಮಳೆ ನೀರು ಸ್ಕ್ರೂ ಹಿಡಿದು ಇಳಿದಾಗ ಕರೆಂಟ್ ಬರುತ್ತಿತ್ತು.

ಹಳೆಯ ರಾಡನ್ನು ಅವರು ಅಳೆದರು. 140 ಓಮ್ ಬಂತು! ಈಗ ಎರಡು ಪೈಪ್ ಹಾಕಿ ಜೋಡಿಸಿದ ಮೇಲೆ 18 ಓಮ್. ಮನೆಯಿಂದ ಹೊಸದಾಗಿ ಆರ್ಮರ್ಡ್ ಕೇಬಲ್ (ಲೋಹದ ಕವಚ ಇರುವುದು) ಎಳೆಸಿದೆ, ಎರಡೂವರೆ ಅಡಿ ಆಳದಲ್ಲಿ. ಮೇಲೆ ಇಟ್ಟಿಗೆ ಸಾಲು. ಮನೆಯ ಕಡೆ ಒಂದು, ಶೆಡ್ಡಿನಲ್ಲಿ ಎರಡು ಆರ್‌ಸಿಬಿಒ. ಒಳಗಿನ ವೈರಿಂಗ್ ಎಲ್ಲ ಪಿವಿಸಿ ಪೈಪಿನಲ್ಲಿ.

ಎರಿಹೊಲ ಧಾರವಾಡ:
18 ಜಾಸ್ತಿ ಆಯಿತಲ್ಲ? 5ರ ಒಳಗೆ ಬರಬೇಕು ಅನ್ನುತ್ತಾರೆ.

ಓಮ್ ಲೆಕ್ಕ:
ಕಡಿಮೆ ಬಂದಷ್ಟೂ ಒಳ್ಳೆಯದು. ಆದರೆ ಆ ನೆಲದಲ್ಲಿ 18 ಕೆಟ್ಟದ್ದಲ್ಲ. 30 ಮಿಲಿ ಆಂಪಿಯರ್ ಸೋರಿದಾಗ 18 ಓಮಿನಲ್ಲಿ ಕಂಬದ ಮೇಲೆ ಬರುವುದು ಅರ್ಧ ವೋಲ್ಟು. ಅದಕ್ಕಿಂತ ಜಾಸ್ತಿ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಆಗುತ್ತದೆ. ಬೇಸಿಗೆಯಲ್ಲಿ, ಮಾರ್ಚ್ ಹೊತ್ತಿಗೆ ಇನ್ನೊಮ್ಮೆ ಅಳೆಸಿ. ಆಗಿನದೇ ನಿಜವಾದ ಅಂಕೆ.

ಮತ್ತೆ ಆರ್‌ಸಿಬಿಒ ಮೇಲೆ ಟಿ ಅಂತ ಬರೆದ ಬಟನನ್ನು ತಿಂಗಳಿಗೊಮ್ಮೆ ಒತ್ತಿ. ಬಿದ್ದರೆ ಒಳಗಿನ ಯಂತ್ರ ಸರಿ ಇದೆ ಎಂದು ಅಷ್ಟೇ. ಅರ್ತಿಂಗ್ ಸರಿ ಇದೆಯಾ ಎಂದು ಅದು ಹೇಳುವುದಿಲ್ಲ. ಅರ್ತ್ ವೈರ್ ಪೂರ್ತಿ ಕಿತ್ತು ಹೋಗಿದ್ದರೂ ಆ ಬಟನ್ ಒತ್ತಿದರೆ ಬೀಳುತ್ತದೆ.

ಹಾಲಿನಮನೆ ಮಂಡ್ಯ:
ಅಣ್ಣ, ಹಸು ಒಳಗೆ ಬಂತಾ?

ತೋಟದಮನೆ ಸಾಗರ:
ಎರಡು ದಿನ ಬರಲಿಲ್ಲ ಅಕ್ಕ. ಬಾಗಿಲಲ್ಲಿ ಮೂಸಿ ನೋಡಿ ಹಿಂದೆ ಹೋಗುತ್ತಿತ್ತು. ನಿನ್ನೆ ಸಂಜೆ ಅಮ್ಮ ಬರಿಗೈಯಲ್ಲಿ ಕಂಬ ಹಿಡಿದು ನಿಂತು ಕರೆದರು, ಮುಂದಿನ ಎರಡು ಕಾಲು ಒಳಗಿಟ್ಟಿತು. ಇವತ್ತು ಬೆಳಗ್ಗೆ ತಾನಾಗಿಯೇ ಬಂದು ಗೋದಲಿಗೆ ಬಾಯಿ ಹಾಕಿದೆ.

ಕೊಳೆ ಔಷಧಿ ಎರಡು ಸಲ ಆಯಿತು ಹೊಸನಗರದವರೇ. ಮೂರನೆಯದಕ್ಕೆ ಮಳೆ ಬಿಡುತ್ತಿಲ್ಲ.